ಸಾವ್ಕಾರರ ವೈರು, ನಮ್ಮ ಸಿಡಿಲು

ಮೋಡ ಕಂಡ ಕೂಡಲೇ ಪ್ಲಗ್ ಕೀಳುವ ಚಟ ನನಗೆ ತವರಿನಿಂದ ಬಂದದ್ದು. ನಾನು ಸಣ್ಣಾಕೆ ಇದ್ದಾಗ ಕೊಳಕೂರದ ನಮ್ಮ ಹಿತ್ತಲಿನ ಹುಣಸೆಮರಕ್ಕೆ ಒಂದು ಬೇಸಿಗೆಯಲ್ಲಿ ಸಿಡಿಲು ಬಡಿಯಿತು. ಮರ ಇವತ್ತಿಗೂ ಕಾಯಿ ಬಿಡುತ್ತಿದೆ. ಹೋದದ್ದು ಮನೆಯೊಳಗಿನ ಟಿವಿ, ಫ್ಯಾನು ಮತ್ತು ಗೋಡೆಯ ಮೇಲಿನ ಬೋರ್ಡು. ಅವತ್ತು ಸಂಜೆವರೆಗೂ ಅಪ್ಪ ಆ ಟಿವಿಯ ಮುಂದೆ, ಮನೆಯಲ್ಲಿ ಯಾರೋ ತೀರಿಹೋದಾಗ ಕುಂತಂತೆ ಕುಂತಿದ್ದ. ಅವತ್ತಿನಿಂದ ನಮ್ಮ ಮನೆಯಲ್ಲಿ ಗುಡುಗು ಹತ್ತಿರ ಬರುವ ಮೊದಲೇ ಎಲ್ಲ ಪ್ಲಗ್ ಹೊರಗೆ. ಸ್ವಿಚ್ ಆರಿಸಿದರೆ ಸಾಲದು, ಗೋಡೆಯಿಂದ ಕಿತ್ತೇ ಮಲಗಿಸಬೇಕು. ಮುಗಿಲಿನಿಂದ ನೆಲಕ್ಕೆ ಹಾರುವ ಸಿಡಿಲಿಗೆ ಸ್ವಿಚ್ಚಿನೊಳಗಿನ ಅಕ್ಕಿಕಾಳಿನಷ್ಟು ಸಂದು ಹಾರುವುದು ಯಾವ ದೊಡ್ಡ ಮಾತು.

ಮದುವೆಯಾಗಿ ಅಫಜಲಪುರಕ್ಕೆ ಬಂದ ಮೇಲೂ ಈ ಚಟ ಬಿಡಲಿಲ್ಲ. ನಮ್ಮವರದು ಬೀಜ-ಗೊಬ್ಬರದ ಅಂಗಡಿ. ನಾನು ಮನೆಯಲ್ಲೇ ಕುಂತು ಊರಿನ ವ್ಯಾಪಾರಿಗಳ ಜಿಎಸ್‌ಟಿ ಕೆಲಸ ಕಂಪ್ಯೂಟರಿನಲ್ಲಿ ಮಾಡಿಕೊಡುತ್ತೇನೆ. ನೆಟ್ ಹೋದರೆ ನಾನು ಅಡುಗೆಮನೆಗೆ ಹೋಗಬೇಕು, ಅಷ್ಟೇ. ಹಾಗಾಗಿ ರೌಟರನ್ನು ಹಾಲ್‌ನ ಗೂಡಿನಲ್ಲಿ, ಇಲಿ ಬಾರದ, ಧೂಳು ಕೂರದ ಜಾಗದಲ್ಲಿ ಇಟ್ಟಿದ್ದೆ.

ಅದೇ ರೌಟರಿಗೆ ಅತ್ತೆಯ ಫೋನನ್ನೂ ಸಿಕ್ಕಿಸಿದ್ದೆವು. ತಂತಿಯ ಫೋನು, ಮೇಲೆ ಕ್ರೋಶಾದ ಬಟ್ಟೆ. ಅತ್ತೆಗೆ ಮೊಬೈಲ್ ಮೇಲೆ ನಂಬಿಕೆ ಇಲ್ಲ. "ಜಾಗಾ ಬಿಟ್ಟು ಅಡ್ಡಾಡೂ ಫೋನಿಗೆ ಮರ್ಯಾದಿ ಇರಂಗಿಲ್ಲ" ಎನ್ನುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಘತ್ತರಗಿಯಲ್ಲಿರುವ ತಮ್ಮ ತಂಗಿಗೆ ಫೋನ್ ಹಚ್ಚುತ್ತಾರೆ. ಎರಡೂ ಊರಿನ ಸೊಸೆಯಂದಿರ ವಿಚಾರಣೆ ನಡೆಯುವುದು ಆವಾಗಲೇ. ತಮ್ಮ ಸೊಸೆಯ ಸರದಿ ಬಂದಾಗಲೇ ಮೋಡ ಕವಿದು ಪ್ಲಗ್ ಹೋಗುತ್ತದೆ ಎಂಬ ಅನುಮಾನ ಅತ್ತೆಗಿತ್ತು. ಪೂರ್ತಿ ಸುಳ್ಳಲ್ಲ.

ನಮ್ಮ ಎದುರು ಮನೆ ಸಾವ್ಕಾರರದು. ಭೀಮಾ ದಂಡೆಗೆ ಕಬ್ಬು, ಮೇಲಿನ ಹೊಲದಲ್ಲಿ ತೊಗರಿ, ಅಂಗಳದಲ್ಲಿ ಬಿಳಿ ಜೀಪು. ನಮ್ಮ ಅಂಗಡಿಗೆ ಅವರಷ್ಟು ದೊಡ್ಡ ಗಿರಾಕಿ ಇನ್ನೊಬ್ಬರಿಲ್ಲ. ಅವರು ಅಂಗಡಿಗೆ ಬಂದರೆ ನಮ್ಮವರು ಗಲ್ಲಾದಿಂದ ಎದ್ದು ನಿಲ್ಲುತ್ತಾರೆ. ಅವರು ಹೋದ ಮೇಲೂ ಸ್ವಲ್ಪ ಹೊತ್ತು ನಿಂತೇ ಇರುತ್ತಾರೆ.

ನಮ್ಮ ಮನೆಗೆ ಹೊಸ ನೆಟ್ ಬಂದ ವಾರದಲ್ಲೇ ಸಾವ್ಕಾರರು ಓಣಿ ದಾಟಿ ಬಂದರು.

"ತಂಗಿ, ಆ ವೈಫೈದು ಪಾಸ್‌ವರ್ಡ್ ಅಷ್ಟು ಹೇಳಿಬಿಡು. ನಾ ಏನು ಭಾಳ ನೋಡಾಂವ ಅಲ್ಲ. ಮುಂಜಾನೆದ್ದು ನಾಕು ವಚನ ಕೇಳ್ತೇನಿ, ಅಷ್ಟ."

ಹೇಳಿದೆ. ವಚನಕ್ಕೆ ಇಲ್ಲ ಅನ್ನುವುದು ಹೇಗೆ. ವಚನದ ನಡುವೆ ಸಿಕ್ಸರ್ ಬಿದ್ದು ಮಂದಿ ಕೇಕೆ ಹಾಕುವುದನ್ನು ನಾನು ಮೊದಲು ಕೇಳಿದ್ದು ಅವರ ಮನೆಯಿಂದಲೇ.

ಕೆಲವು ದಿನಕ್ಕೆ ಮತ್ತೆ ಬಂದರು. ಅವರದು ಹಳೆಯ ಕಲ್ಲಿನ ವಾಡೆ, ಗೋಡೆ ಒಂದೊಂದು ಮೊಳ ದಪ್ಪ. ನೆಟ್ ಒಳಗೆ ಹೋಗುತ್ತಿರಲಿಲ್ಲ. ತಪ್ಪು ಗೋಡೆಯದಾಗಿರಲಿಲ್ಲ, ನಮ್ಮ ನೆಟ್ಟಿನದಾಗಿತ್ತು. "ನಿಮ್ಮ ನೆಟ್ಟಿನಾಗ ಸತ್ವ ಇಲ್ಲವ್ವ" ಎಂದರು. ಜೊತೆಗೆ ನೆಟ್ ಕಂಪನಿಯ ಮನುಷ್ಯನನ್ನು ಕರೆದುಕೊಂಡೇ ಬಂದಿದ್ದರು. ಈ ಮನುಷ್ಯ ನಮ್ಮ ಮನೆಗೆ ಕನೆಕ್ಷನ್ ಕೊಟ್ಟವನೇ, ನಡುವಯಸ್ಸಿನವ. ನನಗೆ ಕೆಟ್ಟರೆ ಬರಲು ಅವನಿಗೆ ಸಮಯ ಇರುತ್ತಿರಲಿಲ್ಲ; ಸಾವ್ಕಾರರು ಕರೆದರೆ ಊಟದ ಕೈಯಲ್ಲೇ ಬರುತ್ತಿದ್ದ.

"ಒಂದು ವೈರ್ ಎಳದ್ರ ಆತ್ರಿ ಅಕ್ಕಾವ್ರ. ನಿಮ್ಮ ರೌಟರಿಂದ ಮಾಳಿಗಿ ಮ್ಯಾಲ ಹಾಸಿ, ಓಣಿ ದಾಟ್ಸಿ, ಸಾವ್ಕಾರ್ರ ಮನೀಗಿ ಬಿಡ್ತೇನಿ. ಅಲ್ಲಿ ಇನ್ನೊಂದು ರೌಟರ್ ಕುಂದರ್ಸ್ತೇನಿ."

"ಮುಗಿಲಿನಾಗ ಹಾದು ಬರೋ ವೈರಿಗೆ ಸಿಡ್ಲ ಬಡದ್ರ?" ಎಂದೆ.

"ಇದು ನೆಟ್ಟಿನ ವೈರ್ರಿ, ಕರೆಂಟಿನ ವೈರಲ್ಲ."

"ಒಳಗ ತಾಮ್ರ ಇಲ್ಲೇನು?"

ಅವ ಸ್ವಲ್ಪ ಯೋಚಿಸಿದ. "ಅದ. ಆದ್ರ ಭಾಳ ಸಣ್ಣದ್ರಿ."

ನಮ್ಮವರ ಕಡೆ ನೋಡಿದೆ. ಅವರು ಮಾಳಿಗೆಗೆ ಏಣಿ ಹಚ್ಚುವ ತಯಾರಿಯಲ್ಲಿದ್ದರು. ಒಳಗೆ ಕರೆದು ಕೇಳಿದರೆ, "ಹೋಗ್ಲಿ ಬಿಡು. ಒಂದು ವೈರಿನ ಸಲುವಾಗಿ ಸಾವ್ಕಾರ್ರ ಮನಸು ಮುರಿಯಾಕ ಆಗ್ತದೇನು" ಎಂದರು.

ವೈರು ನಮ್ಮ ಕಿಟಕಿಯಿಂದ ಹೊರಬಿದ್ದು, ಮಾಳಿಗೆ ಹತ್ತಿ, ಓಣಿ ದಾಟಿ, ಸಾವ್ಕಾರರು ಕ್ಯಾಮೆರಾ ಕೂರಿಸಲು ತಮ್ಮ ಮಾಳಿಗೆಯ ಮೇಲೆ ನಿಲ್ಲಿಸಿದ್ದ ಎತ್ತರದ ಕಬ್ಬಿಣದ ಕಂಬಕ್ಕೆ ಸುತ್ತಿಕೊಂಡು ಅವರ ಹಾಲ್‌ಗೆ ಇಳಿಯಿತು. ಇಡೀ ಓಣಿಯಲ್ಲಿ ಸಿಡಿಲಿಗೆ ಕಾಣುವಂಥ ವಸ್ತು ಆ ಕಂಬ ಒಂದೇ. ಅದಕ್ಕೇ ಕಟ್ಟಿದರು. ಹಾಲ್‌ನಲ್ಲಿ ಕೂರಿಸಿದ ರೌಟರಿನಿಂದ ಇನ್ನೊಂದು ತುಂಡು ವೈರು ನೇರ ಅವರ ದೊಡ್ಡ ಟಿವಿಗೆ. ಒಂದು ತಿಂಗಳು ಕಳೆಯುವುದರೊಳಗೆ ಸಾವ್ಕಾರರು ಬಂದವರಿಗೆಲ್ಲ "ನಮ್ಮ ನೆಟ್" ಎಂದು ಹೇಳತೊಡಗಿದರು. ಅದು ನಿಧಾನವಾದಾಗ ಮಾತ್ರ "ಎದುರು ಮನೀದು" ಆಗುತ್ತಿತ್ತು.

ಬೇಸಿಗೆ ಬಂತು. ನಮ್ಮ ಕಡೆ ಮಳೆಗಾಲದ ಮಳೆಗಿಂತ ಬೇಸಿಗೆಯ ಮಳೆಗೇ ಅಬ್ಬರ ಜಾಸ್ತಿ. ದಿನವಿಡೀ ಬಿಸಿಲು ಸುಟ್ಟು, ಮಧ್ಯಾಹ್ನ ಸರಿದ ಮೇಲೆ ಸೊಲ್ಲಾಪುರದ ಕಡೆಯಿಂದ ಕಪ್ಪು ಮೋಡ ಎದ್ದು ಬರುತ್ತದೆ. ಮಳೆ ನಾಲ್ಕು ಹನಿ, ಗುಡುಗು-ಮಿಂಚು ಒಂದು ಜಾತ್ರೆಗಾಗುವಷ್ಟು. ನಾನು ನನ್ನ ಪದ್ಧತಿಯಂತೆ ಪ್ಲಗ್ ಕಿತ್ತೆ. ಅತ್ತೆ ಸತ್ತ ಫೋನನ್ನು ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು. ಅಷ್ಟರಲ್ಲಿ ಅಂಗಡಿಯಿಂದ ನಮ್ಮವರ ಮೊಬೈಲ್ ಕರೆ ಬಂತು.

"ನೆಟ್ ಬಂದ್ ಮಾಡೀಯೇನು? ಸಾವ್ಕಾರ್ರು ಫೋನ್ ಮಾಡಿದ್ರು."

"ಗುಡುಗಾಕತ್ತದ."

"ಇಲ್ಲೇನೂ ಗುಡುಗವಲ್ದು."

ಅಂಗಡಿ ನಮ್ಮ ಮನೆಯಿಂದ ಕೂಗಳತೆಯ ದೂರ. ಅಲ್ಲಿ ಮುಗಿಲೇ ಬೇರೆ ಇರಬೇಕು ಎಂದುಕೊಂಡೆ.

ಆಮೇಲೆ ಸಾವ್ಕಾರರೇ ಛತ್ರಿ ಹಿಡಿದು ಬಂದರು. ಹೊಸ್ತಿಲಲ್ಲಿ ನಿಂತು, "ತಂಗಿ, ಗುಡುಗು ಅಲ್ಲೆಲ್ಲೋ ಆಳಂದ ಕಡಿ ಅದ. ಅದಕ್ಕ ಅಫಜಲಪುರದಾಗ ನೆಟ್ ಬಂದ್ ಮಾಡೂದು ಯಾವ ನ್ಯಾಯ" ಎಂದರು. ಅವರ ಮಾತು ಮುಗಿಯುವ ಮೊದಲೇ ಹೊಸ್ತಿಲು ನಡುಗುವಂಥ ಗುಡುಗು ಬಂತು. ಅವರು ಛತ್ರಿಯನ್ನು ಸ್ವಲ್ಪ ಕೆಳಗಿಳಿಸಿದರೇ ಹೊರತು ವಾದ ಬಿಡಲಿಲ್ಲ.

"ನಿಂತ ಮ್ಯಾಲ ಹಾಕ್ತೇನ್ರಿ ಸಾವ್ಕಾರ್ರೇ. ನೀವೂ ನಿಮ್ಮ ಟಿವಿ ಪ್ಲಗ್ ತೆಗೀರಿ. ಸುಟ್ಟು ಹೋದೀತು."

"ನಮ್ಮ ಮನ್ಯಾಗ ಅರ್ಥಿಂಗ್ ಮಾಡ್ಸೀನವ್ವ, ನೆಲದಾಗ ತಾಮ್ರದ ಪಟ್ಟಿ ಹುಗಿಸೀನಿ. ಎಲ್ಲಾ ಪ್ಲಗ್ಗೂ ಮೂರು ಗೂಟದವು. ಸಿಡ್ಲಿನಪ್ಪ ಬಂದ್ರೂ ಏನೂ ಆಗಂಗಿಲ್ಲ."

ಆ ಅರ್ಥಿಂಗಿನ ಗುಂಡಿ ನನಗೆ ಗೊತ್ತಿತ್ತು. ತಾಮ್ರದ ಪಟ್ಟಿ, ಇದ್ದಿಲು, ಉಪ್ಪು ಎಲ್ಲ ಹಾಕಿಸಿ, ಮರುವರ್ಷ ಜೀಪು ನಿಲ್ಲಿಸಲು ಅದರ ಮೇಲೆ ಟೈಲ್ಸ್ ಹಾಕಿಸಿದ್ದರು. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕದಿದ್ದರೆ ಅದು ಬರೀ ಉಪ್ಪಿನಕಾಯಿಯ ಭರಣಿ. ಅವರ ಮನೆಯಲ್ಲಿ ದಿನಾ ನೀರು ಬೀಳುತ್ತಿದ್ದದ್ದು ಜೀಪಿನ ಮೇಲೆ.

ಇನ್ನೊಂದು ಸಲ ಮೋಡ ಬಂದಾಗ ನಾನು ರೌಟರಿನ ಪ್ಲಗ್ಗಿನ ಜೊತೆ ಸಾವ್ಕಾರರ ವೈರನ್ನೂ ಕಿತ್ತಿಟ್ಟೆ. ಮಳೆ ನಿಂತ ಮೇಲೆ ಪ್ಲಗ್ ಹಾಕಿದೆ, ಅವರ ವೈರು ಸಿಕ್ಕಿಸುವುದು ಮರೆತೆ. ಮರುದಿನ ಅಂಗಡಿಗೆ ಹೋದ ಸಾವ್ಕಾರರು ಕೂರಲಿಲ್ಲವಂತೆ, ಚಹಾ ಬೇಡ ಅಂದರಂತೆ. ನಮ್ಮವರಿಗೆ ಅವತ್ತು ರಾತ್ರಿ ಊಟ ಸೇರಲಿಲ್ಲ.

ಆಮೇಲೆ ನಾನು ಮದುವೆಯೊಂದಕ್ಕೆ ಕೊಳಕೂರಕ್ಕೆ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಸಾವ್ಕಾರರ ವೈರು ರೌಟರಿಗೆ ಸೇರುವ ಕಡೆ ನೀರಿನ ಪೈಪಿಗೆ ಮೆತ್ತುವ ಅಂಟು ಮೆತ್ತಿ, ಮೇಲೆ ಕರಿ ಟೇಪ್ ಸುತ್ತಿದ್ದರು. ಕಲ್ಲಿನಂತಾಗಿತ್ತು.

"ಇದೇನ್ರಿ?" ಎಂದು ನಮ್ಮವರನ್ನು ಕೇಳಿದೆ.

"ನೆಟ್ಟಿನಾಂವ ಬಂದಿದ್ದ. ಲೂಸ್ ಕನೆಕ್ಷನ್ ಆಗಾಕತ್ತಿತ್ತಂತ. ಇನ್ನ ಅಲುಗಾಡಂಗಿಲ್ಲ ಅಂದ."

ನನ್ನ ಮನೆಯ ಗೂಡಿನಲ್ಲಿ, ನನ್ನ ರೌಟರಿಗೆ, ನನ್ನ ಕೈ ತಾಕದಂತೆ ಇನ್ನೊಬ್ಬರು ಬೀಗ ಹಾಕಿ ಹೋಗಿದ್ದರು. ನಮ್ಮವರು ಅದಕ್ಕೆ ಚಹಾ ಮಾಡಿಕೊಟ್ಟು ಕಳಿಸಿದ್ದರು. ಅಂಟು ಮೆತ್ತಿದವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆ ಚಹಾದ ಮೇಲೆ. ಆ ದಿನವೆಲ್ಲ ಅವರ ಜೊತೆ ಮಾತಾಡಲಿಲ್ಲ. ಅವರಿಗೆ ಅದು ಗೊತ್ತಾದಂತೆ ಕಾಣಲಿಲ್ಲ.

ಆ ಮೇ ತಿಂಗಳ ಮಧ್ಯಾಹ್ನ ನೆನಪಿದೆ. ಬಿಸಿಲು ಇದ್ದಕ್ಕಿದ್ದಂತೆ ಹಳದಿಯಾಯಿತು. ಗಾಳಿ ಮಣ್ಣು ತಂದು ಕಿಟಕಿಗೆ ಎರಚಿತು. ಎಲ್ಲೋ ಒಂದು ತಗಡು ಕಿತ್ತು ಬಿದ್ದ ಸದ್ದು. ಎದುರು ಮನೆಯಲ್ಲಿ ಮ್ಯಾಚ್ ಜೋರಾಗಿ ನಡೆದಿತ್ತು. ನಮ್ಮವರು ಊಟಕ್ಕೆ ಬಂದಿದ್ದರು. ಅತ್ತೆ ಫೋನಿನಲ್ಲಿ ತಂಗಿಯ ಜೊತೆ ಇದ್ದರು. ಘತ್ತರಗಿಯಲ್ಲಿ ಆಗಲೇ ಆಣಿಕಲ್ಲು ಬೀಳಾಕತ್ತಾವಂತ ಎಂದು ನನಗೆ ಕೇಳುವಂತೆ ಹೇಳಿ ಮತ್ತೆ ಮಾತಿಗೆ ಬಿದ್ದರು.

ನಾನು ಕಂಪ್ಯೂಟರ್ ಪ್ಲಗ್ ಕಿತ್ತೆ. ಅದರಿಂದ ರೌಟರಿಗೆ ಹೋಗುವ ವೈರು ಕಳಚಿದೆ. ರೌಟರಿನ ಪ್ಲಗ್ ಕಿತ್ತೆ. ಎದುರು ಮನೆಯ ಮ್ಯಾಚಿನ ಗದ್ದಲ ಯಾರೋ ಕತ್ತರಿಯಿಂದ ಕತ್ತರಿಸಿದಂತೆ ನಿಂತಿತು, ಅತ್ತೆಯ ಮಾತು ನಡುವೆಯೇ ಸತ್ತಿತು. ಅವರು ರಿಸೀವರನ್ನು ಕಿವಿಯಿಂದ ತೆಗೆಯಲೇ ಇಲ್ಲ, ಹಟಕ್ಕೆ ಹಿಡಿದೇ ಕುಂತರು.

"ಅತ್ತಿ, ಸಿಡ್ಲ ಬರೂ ಮುಂದ ತಂತಿ ಫೋನ್ ಕಿವಿಗಿ ಹಿಡೀಬಾರ್ದು. ಇಡ್ರಿ ಅದನ್ನ."

"ನೀ ಬಂದ್ ಮಾಡೀದಿ ಅಲ್ಲ. ಸತ್ತ ಫೋನು ಏನು ಮಾಡತದ."

ಹೋಗಿ ಕೈಯಿಂದ ಕಸಿದೇ ಇಟ್ಟೆ. ಮದುವೆಯಾದಾಗಿನಿಂದ ಅತ್ತೆಯ ಕೈಯಿಂದ ನಾನು ಏನನ್ನೂ ಕಸಿದಿರಲಿಲ್ಲ.

ನೆಟ್ ಬರುವ ಲೈನು ಗಾಜಿನ ಎಳೆಯದು, ಅದರಲ್ಲಿ ಸಿಡಿಲು ಹರಿಯದು; ಇನ್ನು ಹೊರಗಿನಿಂದ ಬರುವ ತಾಮ್ರ ಎಂದರೆ ಸಾವ್ಕಾರರ ವೈರು ಒಂದೇ. ಚಾಕು ತಂದು ಆ ಅಂಟಿಗೆ ಹಾಕಿ ಮೀಟಿದೆ. ಬರಲಿಲ್ಲ. ನಮ್ಮವರು ತುತ್ತು ಕೈಯಲ್ಲಿ ಹಿಡಿದು, "ಮುರದೀತು, ಬಿಡು. ಮತ್ತ ಅವನ್ನ ಕರೀಬೇಕಾಗ್ತದ" ಎಂದರು. ಅಷ್ಟರಲ್ಲಿ ಅವರ ಮೊಬೈಲ್ ರಿಂಗಾಯಿತು. ಎಡಗೈಯಲ್ಲಿ ಎತ್ತಿ, "ಹೌದ್ರಿ ಸಾವ್ಕಾರ್ರೇ. ಹೌದ್ರಿ. ಕೊನೀ ಓವರ್ ಏನ್ರಿ? ಈಗ ಹಾಕ್ತಾಳ್ರಿ" ಎಂದು ನನಗೆ ಕಣ್ಣಲ್ಲೇ ಪ್ಲಗ್ ತೋರಿಸಿದರು. ನಾನು ಚಾಕು ಕೆಳಗಿಟ್ಟು, ಗೂಡಿನಿಂದ ದೂರ ಸರಿದು ನಿಂತೆ. ಹಾಕಲಿಲ್ಲ.

ಆಗ ಬಿತ್ತು. ಎಲ್ಲಿ ಬಿತ್ತು ಎಂದು ಇವತ್ತಿಗೂ ಸರಿಯಾಗಿ ಯಾರಿಗೂ ಗೊತ್ತಿಲ್ಲ. ಮಿಂಚು, ಸದ್ದು ಎರಡೂ ಒಂದೇ ಸಲ ಬಂದವು. ಗೂಡಿನಿಂದ ಸಾಸಿವೆ ಸಿಡಿದಂತೆ ಒಂದು ಚಟಕ್ಕನೆ ಸದ್ದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಸ್ಟೂಲಿನ ಮೇಲಿದ್ದ ಅತ್ತೆಯ ಫೋನು ಟಿಣ್ ಎಂದು ಅರ್ಧ ರಿಂಗ್ ಆಗಿ ಸುಮ್ಮನಾಯಿತು. ಎದುರು ಮನೆಯೊಳಗಿನಿಂದಲೂ ಪಟಾಕಿ ಸಿಡಿದಂತೆ ಒಂದು ಸದ್ದು ಕೇಳಿಸಿತು.

ಅತ್ತೆ ಸಿಡಿಲು ತಡೆಯಲು ಹಿರಿಯರು ಹೇಳುವಂತೆ "ಅರ್ಜುನಾ, ಅರ್ಜುನಾ" ಎಂದರು. ಆಮೇಲೆ ತಮ್ಮ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. ಕಿವಿ ಮುಟ್ಟಿಕೊಂಡರು. ಫೋನಿನ ಮೇಲಿನ ಕ್ರೋಶಾದ ಬಟ್ಟೆಯಲ್ಲಿ ಒಂದು ಕಪ್ಪು ತೂತು ಬಿದ್ದಿತ್ತು. ನಾನು ಗೋಡೆಗೆ ಒರಗಿ ಕೆಳಗೆ ಕುಂತೆ. ಅತ್ತೆ ಬಂದು ನನ್ನ ಪಕ್ಕ ಕುಂತರು. ನನ್ನ ಸೆರಗು ಹಿಡಿದುಕೊಂಡರು. ನಮ್ಮವರ ಕೈಯಲ್ಲಿ ಮೊಬೈಲಿನಿಂದ ಸಾವ್ಕಾರರು ಹಲೋ, ಹಲೋ ಎನ್ನುತ್ತಲೇ ಇದ್ದರು.

ಮಳೆ ನಿಂತ ಮೇಲೆ ಸಾವ್ಕಾರರು ಬಂದರು. ಯಾರಿಗಾದರೂ ಏನಾದರೂ ಆಯಿತೇನು ಎಂದು ಕೇಳಲು ಬಂದಿರಬೇಕು ಎಂದು ನಾನು ಎದ್ದು ನಿಂತೆ.

"ತಮ್ಮಾ, ನಿಮ್ಮ ಮನೀ ಸಿಡ್ಲ ಬಂದು ನಮ್ಮ ಟಿವಿ ಸುಟ್ಟದ" ಎಂದು ನಮ್ಮವರಿಗೆ ಹೇಳಿದರು.

"ನಮ್ಮ ಮನೀ ಸಿಡ್ಲ?" ಎಂದೆ.

"ವೈರ್ ಎಲ್ಲಿಂದ ಬಂದದ ತಂಗಿ? ನಿಮ್ಮ ಮನಿಂದ ನಮ್ಮ ಮನೀಗಿ ಬಂದದ. ನೆಟ್ ಯಾವ ಕಡಿಂದ ಬರ್ತದೋ ಸಿಡ್ಲೂ ಅದೇ ಕಡಿಂದ ಬರೂದು. ಟಿವಿ ನೀವು ರಿಪೇರಿ ಮಾಡಿಸ್ಬೇಕು."

ನಮ್ಮವರು ತಲೆ ಆಡಿಸುತ್ತಿದ್ದರು. ಅದು ಹೌದು ಎಂದೋ, ಕೇಳುತ್ತಿದ್ದೇನೆ ಎಂದೋ ನನಗೂ ಹೇಳಲಾಗದು. ನಾನು ಏನೋ ಹೇಳುವಷ್ಟರಲ್ಲಿ ಅತ್ತೆ ಎದ್ದು ಬಂದರು.

"ಸಾವ್ಕಾರ, ಕಬ್ಬಿಣದ ಕಂಬ ಯಾರ ಮಾಳಗಿ ಮ್ಯಾಲ ಅದ?"

"ನಮ್ದ್ರಿ ಅವ್ವಾರ."

"ಸಿಡ್ಲ ಹಾದೀ ಮ್ಯಾಲ ನಡಕೋತ ಬಂದು ನಮ್ಮ ಬಾಗಿಲಾ ಬಡದು, ಆಮ್ಯಾಲ ನಿಮ್ಮ ಮನೀಗಿ ಬಂತೇನು? ನಿಮ್ಮ ಕಂಬದ ಮ್ಯಾಲ ಇಳದು ನನ್ನ ಫೋನ್ ಸುಟ್ಟದ."

ಜಗಳ ಸಿಡಿಲಿನ ದಿಕ್ಕಿನ ಮೇಲೆ ನಿಂತಿತು. ತೀರ್ಪಿಗೆ ನೆಟ್ಟಿನವನನ್ನು ಕರೆಸಿದರು. ಅವ ಮೊದಲು ನಮ್ಮ ಮನೆಗೆ ಬಂದ. ರೌಟರ್ ತಿರುಗಿಸಿ, ಸಾವ್ಕಾರರ ವೈರು ಸೇರಿದ್ದ ತೂತು ಕರ್ರಗಾಗಿರುವುದನ್ನು ನೋಡಿ, ದನಿ ಇಳಿಸಿ, "ಅವರ ಕಡಿಂದ ಬಂದದ್ರಿ ಅಕ್ಕಾವ್ರ. ಹೀಂಗ ಮಾಳಗಿ ಮ್ಯಾಲ ತಾಮ್ರದ ವೈರ್ ಎಳೀಬಾರ್ದಿತ್ತು" ಎಂದ. ಎಳೆದವನು ಬೇರೆ ಯಾರೋ ಎನ್ನುವಂತೆ ಹೇಳಿದ. ಅಂಟಿನ ಬಗ್ಗೆ ಕೇಳಿದೆ. "ಹಚ್ಚಬಾರ್ದಿತ್ರಿ" ಎಂದ.

ಆಮೇಲೆ ಎದುರು ಮನೆಗೆ ಹೋದ. ಅಲ್ಲಿ ಹೇಳಿದ್ದು ನಮಗೆ ಕಿಟಕಿಯಿಂದ ಕೇಳಿಸಿತು: "ಅವರ ರೌಟರಿಂದನ ಬಂದದ್ರಿ ಸಾವ್ಕಾರ್ರೇ, ಡೌಟ್ ಇಲ್ಲ."

ಅತ್ತೆ ಅವನನ್ನು ಓಣಿಯ ನಟ್ಟನಡುವೆ ಕರೆಸಿ ನಿಲ್ಲಿಸಿದರು. ಆ ಬಾಗಿಲಲ್ಲಿ ಸಾವ್ಕಾರರು, ಈ ಬಾಗಿಲಲ್ಲಿ ನಾವು. "ಈಗ ಹೇಳು. ಎಲ್ಲಿಂದ ಬಂತು?"

ಅವ ಆ ಕಡೆ ನೋಡಿದ, ಈ ಕಡೆ ನೋಡಿದ. "ಮ್ಯಾಲಿಂದ ಬಂದದ್ರಿ" ಎಂದ.

ಅವತ್ತು ಅವನು ಹೇಳಿದ ಖರೇ ಮಾತು ಅದೊಂದೇ. ಗಾಡಿ ಚಾಲೂ ಮಾಡಿ ಹೋಗಿಬಿಟ್ಟ.

ನಾನು ಒಳಗೆ ಹೋಗಿ ಇಕ್ಕಳ ತಂದೆ. ಕಿಟಕಿಯ ಹತ್ತಿರ ಸಾವ್ಕಾರರ ವೈರು ಹಿಡಿದು ಕತ್ತರಿಸಿದೆ. ಮಾಳಿಗೆ ಹತ್ತಿ ಅಲ್ಲಿಯೂ ಕತ್ತರಿಸಿದೆ. ಅದು ಓಣಿಗೆ ಜೋತುಬಿತ್ತು. ಕೆಳಗಿಳಿದಾಗ ನಮ್ಮವರು, "ಇನ್ನ ಅವರು ಅಂಗಡಿಗಿ ಬರಂಗಿಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು.

"ನನ್ನ ಕಿವಿ ಹೋಗಿದ್ರ ಯಾವ ಗಿರಾಕಿ ತಂದುಕೊಡ್ತಿದ್ದ ಲೇ?" ಎಂದು ಅತ್ತೆ ಕೇಳಿದರು. ನಮ್ಮವರು ಅಂಗಡಿಯ ಕೀಲಿ ತೆಗೆದುಕೊಂಡು ಹೊರಟುಹೋದರು. ಟಿವಿ ರಿಪೇರಿ ಮಾತ್ರ ಅವರು ಮಾಡಿಸಲಿಲ್ಲ. ಅಷ್ಟರ ಮಟ್ಟಿಗೆ ಅವರ ಧೈರ್ಯವನ್ನು ನಾನು ಮೆಚ್ಚಬೇಕು.

ಸಾವ್ಕಾರರು ಒಂದು ಹಂಗಾಮು ಜೇವರ್ಗಿಗೆ ಹೋಗಿ ಗೊಬ್ಬರ ತಂದರು. ದೂರ ಆಯಿತೋ, ಅಲ್ಲಿ ಯಾರೂ ಎದ್ದು ನಿಲ್ಲಲಿಲ್ಲವೋ, ಹಿಂಗಾರಿ ಬಿತ್ತನೆಗೆ ಮತ್ತೆ ನಮ್ಮ ಅಂಗಡಿಗೇ ಬಂದರು. ನಮ್ಮವರು ಎದ್ದು ನಿಂತರು. ನಮಗೆ ಹೊಸ ರೌಟರ್ ಬಂತು, ಅತ್ತೆಗೆ ಹೊಸ ಫೋನು. ಅತ್ತೆ ಈಗ ಮೋಡ ಕಂಡರೆ ನನ್ನನ್ನು ಕಾಯುವುದಿಲ್ಲ. "ಇಡ್ತೇನಿ, ಮುಗಿಲು ಕರ್ರಗಾಗ್ಯಾದ" ಎಂದು ತಂಗಿಗೆ ಹೇಳಿ, ತಾವೇ ಪ್ಲಗ್ ಕಿತ್ತು, ರೌಟರಿಗೆ ಹಚ್ಚಿದ ವೈರುಗಳನ್ನೂ ಒಂದೊಂದಾಗಿ ಕಳಚಿ ಗೂಡಿನಲ್ಲಿ ಹಾಸಿಡುತ್ತಾರೆ. ನನ್ನ ಬಗೆಗಿನ ವಿಚಾರಣೆ ನಿಂತಿಲ್ಲ. ಬೆಳಗಿನ ಹೊತ್ತಿಗೆ ಸರಿದಿದೆ.

ಸಾವ್ಕಾರರೂ ತಮ್ಮದೇ ನೆಟ್ ಹಾಕಿಸಿಕೊಂಡಿದ್ದಾರೆ. ಅದರ ಪಾಸ್‌ವರ್ಡ್ ಓಣಿಯಲ್ಲಿ ಯಾರಿಗೂ ಕೊಡುವುದಿಲ್ಲ; ಮಂದಿ ಜಾಸ್ತಿ ಆದರೆ ರೌಟರ್ ಬಿಸಿಯಾಗುತ್ತದಂತೆ. ಈ ಬೇಸಿಗೆಯಲ್ಲಿ ಒಂದು ದಿನ ಏನೋ ಕಾಗದ ಮಾಡಿಸಲು ನಮ್ಮ ಮನೆಗೆ ಬಂದಿದ್ದರು. ನಾನು ಚಹಾ ಕೊಟ್ಟೆ. ಹೊರಗೆ ಸಣ್ಣಗೆ ಗುಡುಗಿತು. ಕಪ್ಪು ಕೆಳಗಿಟ್ಟು ಎದ್ದರು.

"ಭಾಳ ಮಂದಿಗೆ ತಿಳಿಯಂಗಿಲ್ಲ ತಂಗಿ. ಬರೀ ಪ್ಲಗ್ ತೆಗೆದ್ರ ಸಾಲದು. ಹೊರಗಿಂದ ಬರೂ ವೈರನ್ನೂ ತೆಗೀಬೇಕು. ಮೂರು ಗೂಟ, ಅರ್ಥಿಂಗ್, ಅವೆಲ್ಲಾ ನಂಬಬಾರ್ದು. ನಾ ಓಣ್ಯಾಗ ಎಲ್ಲಾರಿಗೂ ಹೇಳಾಕತ್ತೇನಿ. ಯಾರೂ ಕೇಳಂಗಿಲ್ಲ."

"ಹೌದ್ರಿ ಸಾವ್ಕಾರ್ರೇ" ಎಂದೆ. ಬಾಯಿಗೆ ಬಂದ ಇನ್ನೊಂದು ಮಾತನ್ನು ನುಂಗಿಕೊಂಡೆ. ಅದರ ರುಚಿ ಚೆನ್ನಾಗಿರಲಿಲ್ಲ.

ಅವರು ಧೋತರ ಎತ್ತಿ ಹಿಡಿದು ಅವಸರದಲ್ಲಿ ಓಣಿ ದಾಟಿದರು. ನಾನು ಅವರ ಕಾಗದದ ಕೆಲಸ ಅರ್ಧಕ್ಕೆ ಬಿಟ್ಟು ಕಂಪ್ಯೂಟರ್ ಆರಿಸಿ ಪ್ಲಗ್ ಕಿತ್ತೆ. ನಾಳೆ ಬರ್ರಿ ಎಂದು ನಮ್ಮವರ ಕೈಯಲ್ಲಿ ಹೇಳಿ ಕಳಿಸಿದೆ.